ಹಿಮ್ಮಡಿಯ ನೋವು

ಬೆಳಗ್ಗೆ ಎದ್ದು ನೆಲಕ್ಕೆ ಪಾದವಿಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ಶಮನವಾಗುವ ನೋವನ್ನು ನಮ್ಮ ಅನೇಕ ತಾಯಂದಿರು ಮೌನವಾಗಿ ಸಹಿಸುತ್ತಿರುವರು. ಸುಶ್ರುತಸಂಹಿತೆಯು ಇದನ್ನು ಹೋಲುವ ವ್ಯಾಧಿಯೊಂದನ್ನು ‘ವಾತಕಂಟಕ’ವೆಂದು ಕರೆದಿದೆ. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ದಪ್ಪ ತಂತುಪಟ್ಟಿಯು ಅತಿಯಾದ ಒತ್ತಡದಿಂದ ಜೀರ್ಣವಾಗುವುದೇ ಇದರ ಸಾಮಾನ್ಯ ಕಾರಣ. ಕ್ಷ-ಕಿರಣ ಚಿತ್ರದಲ್ಲಿ ಎಲುಬು ಬೆಳೆದುದು ಕಂಡರೆ ಎದೆಗುಂದಬೇಕಾಗಿಲ್ಲ. ನೋವಿಲ್ಲದ ಎಷ್ಟೋ ಜನರಲ್ಲಿಯೂ ಅದು ಉಂಟು.

ಬರಿಗಾಲಿನಲ್ಲಿ ಕಲ್ಲುಹಾಸಿನ ಮೇಲೆ ತಾಸುಗಟ್ಟಲೆ ನಿಂತು ದುಡಿಯುವವರಿಗೂ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೂ ಈ ಬಾಧೆ ತಗಲಬಹುದು. ಅಡುಗೆಮನೆಯಲ್ಲಿ ಪಾದರಕ್ಷೆ ಮೆಟ್ಟುವುದು ಮೈಲಿಗೆಯೆಂದು ಕೆಲವು ಮನೆಗಳಲ್ಲಿ ಸೊಸೆಯಂದಿರನ್ನು ತಡೆಯುವುದುಂಟು. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಾರ್ಗದವರಿಗೆ ಇದೊಂದು ಸೂತಕವೇಕೆಂದು ನಾವು ಕೇಳುತ್ತೇವೆ. ಒಳಗಷ್ಟೇ ಬಳಸುವ ಮೆತ್ತನೆಯ ಜೋಡೊಂದಿರಲಿ.

ಹಾಸಿಗೆ ಬಿಡುವ ಮುನ್ನ ಕಾಲ್ಬೆರಳುಗಳನ್ನು ಕೈಯಿಂದ ತಮ್ಮೆಡೆಗೆ ಎಳೆದು 10 ಎಣಿಸುವವರೆಗೆ ಹಿಡಿಯಬೇಕು. ಹೀಗೆ 10 ಸಲ, ದಿನಕ್ಕೆ 3 ಬಾರಿ. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದೂ ಹಿತಕರ. ಗುಣವಾಗಲು ತಿಂಗಳುಗಳೇ ಬೇಕಾದೀತು, ಆದರೆ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಬೇಕಾಗದು. ಮಧುಮೇಹಿಗಳು ಕಾದ ಇಟ್ಟಿಗೆಯ ಶಾಖ ಕೊಡಲೇಬಾರದು. ಸ್ಪರ್ಶಜ್ಞಾನ ಕುಂದಿದ ಪಾದ ಸುಟ್ಟರೂ ತಿಳಿಯದು. ಬಾವು, ಜ್ವರ, ಜೋಮು ಇದ್ದವರು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.