ತಿಂಗಳಿಗೊಮ್ಮೆ ಬಿಲ್ಲು, ವರ್ಷಕ್ಕೊಮ್ಮೆ ಸುಗ್ಗಿ

ಕರೆಂಟ್ ಬಿಲ್ಲನ್ನು ನಮ್ಮೂರಲ್ಲಿ ಯಾರೂ ಮೇಲಿನಿಂದ ಓದುವುದಿಲ್ಲ. ಚೀಟಿ ಕೈಗೆ ಬಂದ ಕೂಡಲೇ ಹೆಬ್ಬೆರಳು ಕೆಳಗಿನ ಸಾಲಿಗೆ ಹೋಗುತ್ತದೆ. ಅಲ್ಲಿ ಸೊನ್ನೆ ಇದ್ದರೆ ಚೀಟಿ ಗೂಡಿಗೆ, ಇಲ್ಲದಿದ್ದರೆ ಬಿಲ್ಲು ತಂದವನ ಕೊರಳಿಗೆ. ಆ ಕೊರಳು ಬಹಳ ವರ್ಷ ನನ್ನದಾಗಿತ್ತು. ಗದಗ ತಾಲೂಕಿನ ಅಸುಂಡಿಯಲ್ಲಿ ನಾನು ಗ್ರಾಮ ವಿದ್ಯುತ್ ಪ್ರತಿನಿಧಿಯಾಗಿದ್ದೆ. ಮೀಟರ್ ನೋಡುವುದು, ಬಿಲ್ಲು ಹರಿದುಕೊಡುವುದು, ದುಡ್ಡು ಕೂಡಿಸಿ ಕಟ್ಟುವುದು, ಇಷ್ಟೇ ಕೆಲಸ. ಆದರೆ ಮೀಟರ್ ಇರುವುದು ಪಡಸಾಲೆಯಲ್ಲಿ. ಪಡಸಾಲೆಗೆ ಹೋದವನಿಗೆ ಅಡುಗೆಮನೆಯ ಮಾತು ಕೇಳದೆ ಇರುತ್ತದೆಯೇ?

ಕೇಳಿಸಿಕೊಂಡದ್ದರಲ್ಲಿ ಒಂದು ಮಾತು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಸಿಗಲಿಲ್ಲ. ಬಿಲ್ಲು ಬರುವುದು ತಿಂಗಳಿಗೊಮ್ಮೆ, ನಮ್ಮ ಕೈಗೆ ದುಡ್ಡು ಬರುವುದು ಪೀಕಿಗೊಮ್ಮೆ. ಹೆಸರು ಶ್ರಾವಣ-ಭಾದ್ರಪದದಲ್ಲಿ ಬಿಡಿಸಿ ಗದಗ ಎ.ಪಿ.ಎಂ.ಸಿ.ಗೆ ಹೋಗುತ್ತದೆ. ಆಮೇಲೆ ಉಳ್ಳಾಗಡ್ಡಿ, ಶೇಂಗಾ. ಚಳಿಗಾಲಕ್ಕೆ ಹತ್ತಿ, ಮೆಣಸಿನಕಾಯಿ. ಶಿವರಾತ್ರಿಯ ಹಿಂದೆಮುಂದೆ ಕಡಲೆ, ಬಿಳಿಜೋಳ. ಮುಂದೆ ಹೆಸರು ಬರುವ ತನಕ ಬಹಳ ಮನೆಗಳಲ್ಲಿ ಸಂದೂಕ ಖಾಲಿ. ಕಾರಹುಣ್ಣಿಮೆ ಹೊತ್ತಿಗೆ ಬೀಜ, ಗೊಬ್ಬರ, ಹುಡುಗರ ಶಾಲೆಯ ಪಟ್ಟಿ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಅದೇ ವಾರ ನಾನೂ ಬರುತ್ತಿದ್ದೆ.

2023ರ ಜೂನ್ ತಿಂಗಳು ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಆ ವರ್ಷ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ ಆದೇಶ ಹೊರಡಿಸಿತು. ಆದೇಶ ಮೇ ತಿಂಗಳದ್ದು, ಜಾರಿ ಏಪ್ರಿಲ್ ಒಂದರಿಂದ. ಹಿಂದಿನ ಬಾಕಿಯೂ ಸೇರಿ ಬಿಲ್ಲು ಬಂದದ್ದು ಜೂನಿನಲ್ಲಿ, ಬಿತ್ತನೆಯ ಹೊತ್ತಿಗೆ ಸರಿಯಾಗಿ. ಸಾಲದ್ದಕ್ಕೆ ಹಂತಗಳನ್ನೂ ಬದಲಿಸಿದ್ದರು. 100 ಯೂನಿಟ್ ಒಳಗಿದ್ದರೆ 4.75 ರೂಪಾಯಿ. ಒಂದು ಯೂನಿಟ್ ದಾಟಿದರೂ ಮೊದಲ ಯೂನಿಟ್ಟಿನಿಂದಲೇ 7 ರೂಪಾಯಿ. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳು ಬರದ ಪಟ್ಟಿಗೆ ಸೇರಿದವು. ನಮ್ಮ ಓಣಿಯ ಕಾಕಾ ಒಬ್ಬರು ಬಿಲ್ಲು ಹಿಡಿದು ಕೇಳಿದ್ದರು: "ತಮ್ಮಾ, ಏಪ್ರಿಲ್‌ದಾಗ ಉರಿಸಿದ ದೀಪಕ್ಕ ಏಪ್ರಿಲ್‌ದಾಗ ರೊಕ್ಕಾ ಕೊಟ್ಟೇನಿ. ಆರಿದ ದೀಪಕ್ಕ ಈಗ ಮತ್ತ ಯಾಕ ಕೊಡ್ಲಿ?" ಕಾನೂನಿನ ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಬಾಯಿಬಿಟ್ಟಿದ್ದರೆ ಚಹಾ ಸಿಗುತ್ತಿರಲಿಲ್ಲ.

ಮುಂದಿನ ತಿಂಗಳ ಬಳಕೆಯಿಂದಲೇ ಗೃಹಜ್ಯೋತಿ ಬಂತು. ಆಗಸ್ಟಿನಲ್ಲಿ ಕೈಗೆ ಬಂದ ಚೀಟಿಗೆ ಜನ ‘ಜೀರೋ ಬಿಲ್’ ಎಂದು ಹೆಸರಿಟ್ಟರು. ಈ ಯೋಜನೆ ಹಳ್ಳಿಯ ಮನೆಗಳಿಗೆ ಕೊಟ್ಟ ಉಸಿರು ಸಣ್ಣದಲ್ಲ. ಬಾಕಿಗಾಗಿ ಫ್ಯೂಜ್ ಕೀಳುವ ಪ್ರಸಂಗ ಕಡಿಮೆಯಾಯಿತು. ಕಂಬದ ಬುಡದಲ್ಲಿ ನಿಂತು ಲೈನ್‌ಮನ್ನನ ಕೈಕಾಲು ಹಿಡಿಯುವ ಮುದುಕಿಯರನ್ನು ಕಂಡವನಿಗೆ ಅದರ ಬೆಲೆ ಗೊತ್ತು. ಆದರೆ ‘200 ಯೂನಿಟ್ ಪುಕ್ಕಟೆ’ ಎಂಬ ಮಾತು ಊರ ತುಂಬ ಹರಡಿದಷ್ಟು ಅದರ ಒಳಗಿನ ಲೆಕ್ಕ ಹರಡಲಿಲ್ಲ. ಎಲ್ಲರಿಗೂ 200 ಯೂನಿಟ್ ಇಲ್ಲ. 2022-23ರಲ್ಲಿ ನಿಮ್ಮ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ಶೇಕಡ 10 ಸೇರಿಸಿದರೆ ಬರುವುದು ನಿಮ್ಮ ಪಾಲು. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚಿನದಕ್ಕೆ ದುಡ್ಡು. ಒಟ್ಟು ಬಳಕೆ 200 ದಾಟಿದರೆ ಪುಕ್ಕಟೆಯೆಲ್ಲ ಹೋಗಿ ಪೂರ್ತಿ ಬಿಲ್ಲು.

ಇಲ್ಲಿ ನನಗೊಂದು ತಕರಾರಿದೆ. ಆ ವರ್ಷ ಎರಡು ಬಲ್ಬು, ಒಂದು ಹಳೆಯ ಫ್ಯಾನಿನಲ್ಲಿ ದಿನ ನೂಕಿದ ಮನೆಯ ಸರಾಸರಿ 22 ಯೂನಿಟ್ ಅನ್ನಿ. ಅವರ ಪಾಲು 24ಕ್ಕೆ ನಿಂತಿತು. ಫ್ರಿಜ್ಜು, ಮಿಕ್ಸರು, ನೀರಿನ ಮೋಟರು ಎಲ್ಲ ಇದ್ದ ಮನೆಯ ಸರಾಸರಿ 150 ಇದ್ದರೆ ಅವರಿಗೆ 165. ಕತ್ತಲಲ್ಲಿ ಇದ್ದವರಿಗೆ ಕಡಿಮೆ ಬೆಳಕು, ಬೆಳಕಲ್ಲಿ ಇದ್ದವರಿಗೆ ಹೆಚ್ಚು. 2024ರ ಜನವರಿಯಲ್ಲಿ ಸರ್ಕಾರ ಇದನ್ನು ಸ್ವಲ್ಪ ತಿದ್ದಿತು. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಶೇಕಡ 10ರ ಬದಲು ನೇರ 10 ಯೂನಿಟ್ ಸೇರಿಸಿತು. 22ರ ಮನೆ 32ಕ್ಕೆ ಬಂತು. ಆದರೆ ಆ ಮನೆಯವರು ಈಗ ಗೃಹಲಕ್ಷ್ಮಿ ಯೋಜನೆಯ ದುಡ್ಡು ಕೂಡಿಟ್ಟು ಒಂದು ಸಣ್ಣ ಹಳೆಯ ಫ್ರಿಜ್ಜು ತಂದಿದ್ದಾರೆ. ಹಳೆಯ ಫ್ರಿಜ್ಜು ದಿನಕ್ಕೆ ಒಂದು ಯೂನಿಟ್ಟಿಗೆ ಬಾಯಿ ತೆರೆಯುತ್ತದೆ. ತಿಂಗಳಿಗೆ 60 ಯೂನಿಟ್ ಆದರೆ 28 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಪಕ್ಕದ ದೊಡ್ಡ ಮನೆ 160 ಉರಿಸಿ ಸೊನ್ನೆ ಬಿಲ್ಲು ತೋರಿಸುತ್ತದೆ. "ಅವರಿಗೆ ಪುಕ್ಕಟ, ನಮಗ್ಯಾಕ ರೊಕ್ಕಾ?" ಎಂದು ಕೇಳಿದ ಯವ್ವನಿಗೆ ಸರಾಸರಿಯ ಲೆಕ್ಕ ಬಿಡಿಸಿ ಹೇಳಲು ಹೋದೆ. ಆಕೆ ನನ್ನನ್ನೇ ಕರುಣೆಯಿಂದ ನೋಡಿದಳು.

200ರ ಗೆರೆಯ ಕಥೆ ಬೇರೆ. ಓಣಿಯಲ್ಲೊಂದು ಮದುವೆ ಆಯಿತು. ಹಂದರಕ್ಕೆ ಸೀರಿಯಲ್ ಲೈಟು, ಬೀಗರಿಗೆ ಕೂಲರು, ಹಗಲೂ ರಾತ್ರಿ ನೀರಿನ ಮೋಟರು. ಬಿಲ್ಲು ಬಂದ ದಿನ ಆ ಮನೆಯ ಅಕ್ಕ ಬಾಗಿಲಲ್ಲೇ ನಿಲ್ಲಿಸಿದಳು. "ಏನಪಾ, ಹೋದ ತಿಂಗಳ ಸೊನ್ನಿ ಇತ್ತು. ಈ ತಿಂಗಳ ಸಾವಿರದ ಆರನೂರರ ಮ್ಯಾಲ ಬಂದೇತಿ. ಮೀಟರ್‌ಗೆ ಹುಚ್ಚ ಹಿಡದೈತೇನು?" ಮೀಟರ್ ನೆಟ್ಟಗಿತ್ತು. 2025-26ರ ದರದಲ್ಲಿ ಈ ಲೆಕ್ಕ ನೋಡಿ. ಎರಡು ಕಿಲೋವ್ಯಾಟ್ ಮಂಜೂರಾದ ಮನೆ, 201 ಯೂನಿಟ್. ನಿಗದಿತ ಶುಲ್ಕ ಕಿಲೋವ್ಯಾಟಿಗೆ 145ರಂತೆ 290 ರೂಪಾಯಿ. ಯೂನಿಟ್ಟಿಗೆ 5.80ರಂತೆ 1,165 ರೂಪಾಯಿ 80 ಪೈಸೆ. ಇದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ, ಅಂದರೆ 72 ರೂಪಾಯಿ ಚಿಲ್ಲರೆ. ಬಳಕೆಯ ಮೊತ್ತದ ಮೇಲೆ ಶೇಕಡ 9 ತೆರಿಗೆ, 104 ರೂಪಾಯಿ ಚಿಲ್ಲರೆ. ಒಟ್ಟು 1,630 ದಾಟಿತು. ಪಾಲು 180 ಇದ್ದ ಅದೇ ಮನೆ 199ಕ್ಕೆ ನಿಂತಿದ್ದರೆ ಹೆಚ್ಚಿನ 19 ಯೂನಿಟ್ಟಿಗೆ ನೂರಿಪ್ಪತ್ತೈದರ ಆಸುಪಾಸು ಆಗುತ್ತಿತ್ತು. ಎರಡು ಯೂನಿಟ್ಟಿನಲ್ಲಿ ಒಂದೂವರೆ ಸಾವಿರ! ಎರಡು ಯೂನಿಟ್ ಎಂದರೆ ನೀರು ಕಾಸುವ 1,500 ವ್ಯಾಟಿನ ಕಾಯಿಲ್ ಒಂದು ಗಂಟೆ ಇಪ್ಪತ್ತು ನಿಮಿಷ ಉರಿದರೆ ಆಗುವಷ್ಟು.

ಬಿಲ್ಲಿನಲ್ಲಿ ಇನ್ನೊಂದು ಸಾಲಿದೆ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂದು. ಕಂಪನಿ ಹೊರಗಿನಿಂದ ಕೊಳ್ಳುವ ಕರೆಂಟಿನ ಬೆಲೆ, ಕಲ್ಲಿದ್ದಲಿನ ಬೆಲೆ ಏರಿಳಿದಂತೆ ಇದೂ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಅದಕ್ಕೇ ಹೋದ ತಿಂಗಳಷ್ಟೇ ಉರಿಸಿದರೂ ಮೊತ್ತ ಬೇರೆ ಬರುತ್ತದೆ. ಇನ್ನು ನಿಗದಿತ ಶುಲ್ಕ. ಅದು 2024ರಲ್ಲಿ 120 ಇದ್ದದ್ದು 2025ರ ಏಪ್ರಿಲಿನಿಂದ 145 ಆಯಿತು. ಅದೇ ಆದೇಶದಲ್ಲಿ ಯೂನಿಟ್ ದರ 10 ಪೈಸೆ ಇಳಿಯಿತು, 5.90ರಿಂದ 5.80ಕ್ಕೆ. ಪತ್ರಿಕೆಗಳ ತಲೆಬರಹದಲ್ಲಿ ಇಳಿಕೆಯ ಸುದ್ದಿಯೂ ಬಂತು. ಕಡಿಮೆ ಉರಿಸುವವನಿಗೆ 10 ಪೈಸೆಯ ಇಳಿಕೆ ಯಾವ ಮೂಲೆಗೆ? ನಿಗದಿತ ಶುಲ್ಕದ 25 ರೂಪಾಯಿ ಏರಿಕೆಯೇ ಅವನಿಗೆ ತಾಗುವುದು. ಗೃಹಜ್ಯೋತಿಗೆ ಹೆಸರು ಬರೆಸದೆ ಗೋವೆಗೋ ಮಂಗಳೂರಿಗೋ ದುಡಿಯಲು ಹೋದವರ ಮನೆಗೆ ಬೀಗ ಇದ್ದರೂ ಈ ಶುಲ್ಕ ಬೀಳುತ್ತಲೇ ಇರುತ್ತದೆ. ತಡವಾದರೆ ತಿಂಗಳಿಗೆ ಶೇಕಡ ಒಂದು ಬಡ್ಡಿ. ಜಾತ್ರೆಗೆ ಊರಿಗೆ ಬಂದವರು ಬಾಗಿಲ ಸಂದಿಯಿಂದ ಚೀಟಿಗಳ ಕಟ್ಟು ಎತ್ತಿಕೊಳ್ಳುತ್ತಾರೆ.

ಬೇರೆ ಊರಿನವರು ನಮ್ಮ ಜಿಲ್ಲೆಗೆ ಬಂದರೆ ಮೊದಲು ಕೇಳುವುದು ಗಾಳಿಯಂತ್ರಗಳ ಬಗ್ಗೆ. ಕಪ್ಪತಗುಡ್ಡದ ಸುತ್ತಮುತ್ತ, ಗದಗಿನ ಸುತ್ತಿನ ಬಯಲಿನಲ್ಲಿ ಅವು ಎಲ್ಲೆಲ್ಲೂ ಇವೆ. "ಇಷ್ಟು ಕರೆಂಟ್ ಇಲ್ಲೇ ಹುಟ್ಟತೈತಿ, ನಿಮಗ್ಯಾಕ ಬಿಲ್ಲು?" ಗಾಳಿಯ ಕರೆಂಟ್ ನೇರವಾಗಿ ನಮ್ಮ ಟ್ರಾನ್ಸ್‌ಫಾರ್ಮರಿಗೆ ಬರುವುದಿಲ್ಲ. ಉಪಕೇಂದ್ರಕ್ಕೆ ಹೋಗಿ ರಾಜ್ಯದ ಜಾಲಕ್ಕೆ ಸೇರಿ, ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣು ಎಲ್ಲದರ ಜೊತೆ ಬೆರೆತು ಒಂದೇ ದರದಲ್ಲಿ ವಾಪಸು ಬರುತ್ತದೆ. ಹೊಲ ಕೊಟ್ಟವನಿಗೆ ಹೊಲದ ದುಡ್ಡು ಸಿಕ್ಕಿದೆ, ದರದಲ್ಲಿ ರಿಯಾಯಿತಿ ಇಲ್ಲ.

ಕರೆಂಟಿಗಾದರೂ ಜೀರೋ ಬಿಲ್ ಇದೆ, ಗ್ಯಾಸಿಗೆ ಅದೂ ಇಲ್ಲ. ದಿಲ್ಲಿಯ ದರ ಹೇಳುವುದಾದರೆ 14.2 ಕಿಲೋ ಸಿಲಿಂಡರು 2020ರ ಮೇ ತಿಂಗಳಲ್ಲಿ 581 ರೂಪಾಯಿ 50 ಪೈಸೆ ಇತ್ತು. 2023ರ ಮಾರ್ಚಿಗೆ 1,103. ಆ ನಡುವೆ ನಮ್ಮಂಥವರ ಖಾತೆಗೆ ಬರುತ್ತಿದ್ದ ಸಬ್ಸಿಡಿ ಸದ್ದಿಲ್ಲದೆ ನಿಂತಿತ್ತು. 2023ರ ಆಗಸ್ಟಿನಲ್ಲಿ 200, ಮುಂದಿನ ಮಾರ್ಚಿನಲ್ಲಿ 100 ಇಳಿಯಿತು. 2025ರ ಏಪ್ರಿಲಿನಲ್ಲಿ 50 ಏರಿತು. ಉಜ್ವಲಾ ಯೋಜನೆಯವರಿಗೆ ಮಾತ್ರ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಉಳಿದಿದೆ.

ಇದಕ್ಕೆ ನಮ್ಮ ಮನೆಯಾಕೆ ಕಂಡುಕೊಂಡ ಉಪಾಯವೇ ಅಸುಂಡಿಯ ಬಹಳ ಮನೆಗಳ ಉಪಾಯ. ಚಹಾ, ಒಗ್ಗರಣೆ, ಅವಸರದ ಉಪ್ಪಿಟ್ಟು ಗ್ಯಾಸಿನ ಮೇಲೆ. ರೊಟ್ಟಿ, ಬೇಳೆ, ಜಳಕದ ನೀರು ಒಲೆಯ ಮೇಲೆ. ಹಿತ್ತಲಲ್ಲಿ ನೀರು ಕಾಸುವ ಬಂಬು ಇದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಿಂದ ಬರುವ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿಮುಳ್ಳು, ಕುಳ್ಳು ಇವೇ ಅದಕ್ಕೆ ಮೇವು. ಹಿಂದೆ ಒದ್ದೆ ಕಟ್ಟಿಗೆಗೆ ಚಿಮಣಿ ಎಣ್ಣಿ ಸುರಿದು ಹೊತ್ತಿಸುತ್ತಿದ್ದರು. ಈಗ ರೇಷನ್ ಅಂಗಡಿಯಲ್ಲಿ ಅದರ ವಾಸನೆಯೂ ಇಲ್ಲ. ಕಡಕ್ ರೊಟ್ಟಿ ಬಡಿದು ಗದಗಿನ ಖಾನಾವಳಿಗಳಿಗೆ ಕೊಡುವ ಹೆಣ್ಣುಮಕ್ಕಳು ಲೆಕ್ಕ ಹಾಕುವುದು ಹಿಟ್ಟಿನದ್ದಲ್ಲ, ಉರಿಯದ್ದು. ಗ್ಯಾಸಿನಲ್ಲಿ ಬೇಯಿಸಿದರೆ ಲಾಭ ಹೊಗೆಯಿಲ್ಲದೆ ಹಾರಿಹೋಗುತ್ತದೆ, ಒಲೆಯಲ್ಲಿ ಬೇಯಿಸಿದರೆ ಹೊಗೆ ಎದೆಯೊಳಗೆ ಉಳಿಯುತ್ತದೆ. ಈ ಕೆಮ್ಮಿನ ಖರ್ಚನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ.

ಪೀಕಿಗೊಮ್ಮೆ ಬರುವ ದುಡ್ಡಿನ ಮಾತಿಗೆ ಮರಳೋಣ. ನಮ್ಮ ತಾಲೂಕಿಗೆ ಒಂದು ಹೆಮ್ಮೆಯಿದೆ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘ ಈ ದೇಶದಲ್ಲೇ ಮೊದಲನೆಯದು. ಸೊಸೈಟಿ ಸಾಲಕ್ಕೆ ಒಂದು ನಡತೆಯಿದೆ. ಬಿತ್ತುವಾಗ ಕೊಡುತ್ತಾರೆ, ಪೀಕು ಬಂದ ಮೇಲೆ ಕೇಳುತ್ತಾರೆ. ರೈತನ ಸಾಲವನ್ನು ಸುಗ್ಗಿಯ ಜೊತೆ ಕಟ್ಟಿಹಾಕಬಹುದಾದರೆ ಅವನ ದೀಪವನ್ನು ಯಾಕೆ ಕಟ್ಟಿಹಾಕಬಾರದು? ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದು ಕರೆಂಟ್ ಹಂಚುತ್ತಿದೆ. ಕರೆಂಟೂ ಸಹಕಾರವೂ ಒಂದೇ ಅಂಗಳದಲ್ಲಿ ಇರಬಲ್ಲವು ಎನ್ನಲು ಅದು ಸಾಕು. ಮೂರು ತಿಂಗಳಿಗೊಮ್ಮೆ, ಇಲ್ಲವೇ ಪೀಕಿಗೊಮ್ಮೆ ಕಟ್ಟುವ ಅವಕಾಶವನ್ನು ಕೇಳಿದವರಿಗಾದರೂ ಕೊಡಬಹುದು ಎಂಬುದು ನನ್ನ ಅನಿಸಿಕೆ.

ಅದು ಬರುವ ತನಕ ನಾನು ಜನರಿಗೆ ಹೇಳುತ್ತಿದ್ದ ಒಂದು ದಾರಿ ಇದೆ, ಇಂದಿಗೂ ನಡೆಯುತ್ತದೆ. ಕಡಲೆ ಮಾರಿದ ದಿನವೇ ಆರ್.ಆರ್. ನಂಬರ್ ಹೇಳಿ ಮುಂಗಡ ಕಟ್ಟಿಬಿಡುವುದು. ಸಾವಿರ ಕಟ್ಟಿದರೆ ತಿಂಗಳ ಬಿಲ್ಲು ಅದರಲ್ಲೇ ಕಳೆಯುತ್ತ ಹೋಗುತ್ತದೆ, ಆಷಾಢದಲ್ಲಿ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಕೆಲವರು ಕಟ್ಟಿದರು. ಹೆಚ್ಚಿನವರು ನಕ್ಕರು. "ಉರಿಸೂಕಿಂತ ಮೊದಲ ರೊಕ್ಕಾ? ಆ ರೊಕ್ಕದಾಗ ಒಂದ ಗ್ರಾಂ ಬಂಗಾರ ಅಲ್ದಿದ್ರೂ ಒಂದ ಕುರಿಮರಿ ಬರತೈತಿ."

ಒಂದೇ ಮೀಟರಿನಲ್ಲಿ ಎರಡು ಒಲೆ ಇರುವ ಮನೆಗಳ ಪಾಡು ಇನ್ನೂ ಕಷ್ಟ. ಅಣ್ಣತಮ್ಮಂದಿರ ಒಲೆ ಬೇರೆಯಾಗಿವೆ, ಮೀಟರ್ ಮಾತ್ರ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಎರಡು ಸಂಸಾರದ ಬಳಕೆ ಸೇರಿ ಬೇಸಿಗೆಯಲ್ಲಿ 200 ದಾಟುವುದು ಖಂಡಿತ. ಬೇರೆ ಬೇರೆ ಮೀಟರ್ ಇದ್ದಿದ್ದರೆ ಇಬ್ಬರೂ ಗೆರೆಯ ಒಳಗೇ ಇರುತ್ತಿದ್ದರು. ಹೊಸ ಮೀಟರಿಗೆ ಉತಾರ ಬೇಕು, ಉತಾರ ಬೇರೆಯಾಗಲು ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಬೇಕು. ಅಂಥ ಒಂದು ಮನೆಯಲ್ಲಿ ತಮ್ಮನಿಗೆ ಹೇಳಿದೆ, ಅಣ್ಣನ ಜೊತೆ ಕೂತು ವಾಟ್ನಿ ಮುಗಿಸು, ತಿಂಗಳಿಗೆ ಸಾವಿರದ ಮೇಲೆ ಉಳಿಯುತ್ತದೆ ಎಂದು. ಅವನು ಬಿಲ್ಲನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ಬಿಲ್ಲ ಅರ್ಧಾ ಅರ್ಧಾ ಕಟ್ಟತೀವ್ರಿ. ವಾಟ್ನಿ ಅಂದ್ರ ಎರಿ ಹೊಲದ ಬಾಂದಿನ ಮಾತ ಬರತೈತಿ. ಅದಕ್ಕಿಂತ ಇದ ಸೋವಿ."