ಕಡಪ ಕಲ್ಲು ಕಂಡರೆ ಹೆದರುವ ಹೊಸ ಆಳು

(ನಮ್ಮ ವರದಿಗಾರನಿಂದ)

ದಾವಣಗೆರೆ: ಊರಿಗೆ ಹೊಸ ಆಳೊಬ್ಬ ಬಂದಿದ್ದಾನೆ. ಊಟ ಕೇಳುವುದಿಲ್ಲ, ತಿಂಗಳ ಸಂಬಳ ಕೇಳುವುದಿಲ್ಲ, ದೀಪಾವಳಿಗೆ ಬಟ್ಟೆ ಕೇಳುವುದಿಲ್ಲ. ದುಗ್ಗಮ್ಮನ ಜಾತ್ರೆ ಅಂತ ನಾಲ್ಕು ದಿನ ಕೆಲಸಕ್ಕೆ ಚಕ್ಕರ್ ಹೊಡೆಯುವುದೂ ಇಲ್ಲ. ಒಂದಡಿಗಿಂತ ತುಸು ಹೆಚ್ಚು ಅಗಲ, ನಾಲ್ಕು ಇಂಚು ಎತ್ತರ, ದುಂಡಗೆ ರೊಟ್ಟಿ ಹೆಂಚಿನ ಹಾಗಿದ್ದಾನೆ. ನೆಲದ ಮೇಲೆ ಹರಿದಾಡುತ್ತಾ ತನ್ನಷ್ಟಕ್ಕೆ ಕಸ ಗುಡಿಸುತ್ತಾನೆ. ಹಿಂದೆ ಒದ್ದೆ ಬಟ್ಟೆ ಕಟ್ಟಿಕೊಟ್ಟರೆ ನೆಲವನ್ನೂ ಒರೆಸುತ್ತಾನೆ. ರೋಬೋ ವ್ಯಾಕ್ಯೂಮ್ ಕ್ಲೀನರ್ ಅಂತ ಅಂಗಡಿಯವರು ಕರೆಯುತ್ತಾರೆ. ಬೆಲೆ 15,000 ರೂಪಾಯಿಯ ಆಸುಪಾಸಿನಿಂದ ಶುರುವಾಗಿ ಲಕ್ಷ ದಾಟುವ ತನಕ ಉಂಟು.

ಬೆಂಗಳೂರಿನ ಫ್ಲಾಟುಗಳವರಿಗೆ ಇದು ಹಳೇ ಸುದ್ದಿ. ನಮ್ಮಲ್ಲಿ ಇದು ಬರುವುದು ಹೆಚ್ಚಾಗಿ ಮಕ್ಕಳ ಕಡೆಯಿಂದ. ಮಗ ಪರದೇಶದಲ್ಲಿ, ಅಪ್ಪ ಅಮ್ಮ ಇಲ್ಲಿ, ಅಮ್ಮನಿಗೆ ಮಂಡಿನೋವು. ಮಗನ ಮನಸ್ಸು ತಡೆಯುವುದಿಲ್ಲ, ಒಂದು ಡಬ್ಬಿ ಕಳಿಸಿಬಿಡುತ್ತಾನೆ. ನಾನು ಬಾಡಿಗೆಗಿರುವ ಮನೆಯ ಕೆಳಗಡೆ ವಾಸವಾಗಿರುವ ಮಾಲೀಕರ ಮನೆಗೂ ಹೋದ ಯುಗಾದಿಯ ಹೊತ್ತಿಗೆ ಒಂದು ಹೀಗೇ ಬಂತು. ಮಾಲೀಕರು ನಿವೃತ್ತ ಮೇಷ್ಟ್ರು. ಯಾವ ಕಂಪನಿಯ ಮಾಲು ಅನ್ನುವುದು ಇಲ್ಲಿ ಬೇಡ.

ಹಿಂದಿನದೊಂದು ನೆನಪು ಮಾಡಿಕೊಳ್ಳೋಣ. 1982ರಲ್ಲಿ ಯುರೇಕಾ ಫೋರ್ಬ್ಸ್ ಅನ್ನುವ ಕಂಪನಿ ಶುರುವಾಯಿತು. ಅದರ ಹುಡುಗರು ಟೈ ಕಟ್ಟಿಕೊಂಡು, ಬ್ಯಾಗು ಹಿಡಿದು, ಮನೆ ಮನೆಯ ಬಾಗಿಲು ತಟ್ಟಿ ಧೂಳು ಎಳೆಯುವ ಯಂತ್ರ ಮಾರಿದರು. ಹೆಂಗಸರು ಬೇಡ ಬೇಡ ಅನ್ನುತ್ತಿದ್ದರೂ ಹಾಸಿಗೆ ಮೇಲೆ ಯಂತ್ರ ಆಡಿಸಿ, ಬಂದ ಧೂಳನ್ನು ತೋರಿಸಿ, ಯಜಮಾನರ ಮಾನ ಕಳೆದು ಕಂತಿಗೆ ಒಪ್ಪಿಸುತ್ತಿದ್ದರು. ಆ ಯಂತ್ರಗಳು ಈಗೆಲ್ಲಿವೆ? ಅಟ್ಟದ ಮೇಲೆ, ಹಳೇ ತೊಟ್ಟಿಲಿನ ಪಕ್ಕದಲ್ಲಿ. ಕಾರಣ ಸರಳ. ಅದನ್ನು ಎಳೆದುಕೊಂಡು ತಿರುಗಲು ಒಬ್ಬರು ಬೇಕಿತ್ತು. ಆ ಒಬ್ಬರ ಕೈಗೆ ಕಸಬರಿಗೆ ಕೊಟ್ಟರೆ ಕೆಲಸ ಇನ್ನೂ ಬೇಗ ಆಗುತ್ತಿತ್ತು.

ಎಳೆಯುವವರೇ ಬೇಡ ಅನ್ನುವ ಯಂತ್ರ ಬಂದದ್ದು ಆಮೇಲೆ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 2001ರಲ್ಲಿ ಒಂದು ಮಾಡಿತು, ದುಬಾರಿಯಾಗಿತ್ತು. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ‘ರೂಂಬಾ’ ಅನ್ನುವುದನ್ನು 200 ಡಾಲರಿಗೆ ಬಿಟ್ಟಿತು, ಜನ ಮುಗಿಬಿದ್ದರು. ಇದೇ ಕಂಪನಿಯ ಇನ್ನೊಂದು ಯಂತ್ರ ಅದೇ ವರ್ಷ ಅಮೆರಿಕದ ಸೈನಿಕರಿಗಾಗಿ ಅಫಘಾನಿಸ್ತಾನದ ಗುಹೆಗಳೊಳಗೆ ಇಣುಕುತ್ತಿತ್ತು. ಅಣ್ಣ ಮಿಲಿಟರಿಗೆ, ತಮ್ಮ ಮನೆಗೆಲಸಕ್ಕೆ.

ಅಲ್ಲಿನ ಜಾರ್ಜಿಯಾ ಟೆಕ್ ಸಂಶೋಧಕರು 2007ರಲ್ಲಿ ಒಂದು ಸೋಜಿಗ ಬರೆದರು. ಇದನ್ನು ಕೊಂಡವರಲ್ಲಿ ಹಲವರು ಇದಕ್ಕೆ ಹೆಸರಿಟ್ಟು ಕರೆಯುತ್ತಾರಂತೆ, ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುತ್ತಾರಂತೆ, ಇದರ ಸಲುವಾಗಿ ಮನೆಯ ಸಾಮಾನನ್ನೇ ಸರಿಸಿಡುತ್ತಾರಂತೆ. ನಮ್ಮ ಮೇಷ್ಟ್ರ ಮನೆಯಲ್ಲೂ ಮೂರನೇ ದಿನಕ್ಕೆ ಹೆಸರು ಬಿತ್ತು. ಗುಂಡ. ಅಮ್ಮನವರೇ ಇಟ್ಟದ್ದು.

ಹೊಸ್ತಿಲು ದಾಟದ ಗುಂಡ

ಗುಂಡನ ಸಂಸಾರ ಹೇಗೆ ಅಂತ ಹೇಳಬೇಕು. ಮನೆ ಹಳೇ ಕಾಲದ್ದು. ಪಡಸಾಲೆ, ಎರಡು ಕೋಣೆಗಳಿಗೆ ಮೊಸಾಯಿಕ್. ಅಡಿಗೆಮನೆ ಮತ್ತು ಬಚ್ಚಲಿಗೆ ಹೋಗುವ ದಾರಿಗೆ ಕಡಪ ಕಲ್ಲು. ಪ್ರತಿ ಬಾಗಿಲಿಗೂ ಹೊಸ್ತಿಲು.

ಮೊದಲನೇ ತಕರಾರು ಹೊಸ್ತಿಲಿನದು. ಸಾಧಾರಣ ಯಂತ್ರ ಹತ್ತುವುದು ಎರಡು ಸೆಂಟಿಮೀಟರ್ ಆಸುಪಾಸು, ಅಂದರೆ ಮುಕ್ಕಾಲು ಇಂಚು. ನಮ್ಮ ಕಡೆಯ ತೇಗದ ಹೊಸ್ತಿಲು ಮೂರು ಇಂಚು. ಗುಂಡ ಬರುತ್ತಾನೆ, ಢಿಕ್ಕಿ ಹೊಡೆಯುತ್ತಾನೆ, ಹಿಂದೆ ಸರಿಯುತ್ತಾನೆ, ಮತ್ತೆ ಢಿಕ್ಕಿ. ಬಡಗಿಯನ್ನು ಕರೆಸಿ ಎರಡೂ ಕಡೆ ಇಳಿಜಾರು ಹಲಗೆ ಮಾಡಿಸಿದರು. ಆದರೆ ದೇವರ ಕೋಣೆಯ ಹೊಸ್ತಿಲಿಗೆ ಹಲಗೆ ಹಾಕಲು ಅಮ್ಮನವರು ಒಪ್ಪಲಿಲ್ಲ. ‘ಅರಿಶಿನ ಕುಂಕುಮ ಹಚ್ಚೋ ಹೊಸ್ತಿಲನ್ನ ನಾವೇ ತುಳಿಯಲ್ಲ, ಇವನು ಹತ್ತಿ ಇಳೀತಾನಾ?’ ಅಂದರು. ಆ ಕೋಣೆ ಗುಂಡನಿಗೆ ನಿಷಿದ್ಧ. ಹಾಗೆ ಆದದ್ದೂ ಒಳ್ಳೆಯದೇ. ರಂಗೋಲಿ ಪುಡಿ ಒಳಗೆ ಹೋದರೆ ಇದರ ಫಿಲ್ಟರ್ ಕಟ್ಟಿಕೊಂಡುಬಿಡುತ್ತದೆ.

ಎರಡನೆಯದು ಕಡಪ ಕಲ್ಲು. ಇದು ಸ್ವಾರಸ್ಯದ ವಿಷಯ. ಯಂತ್ರದ ಹೊಟ್ಟೆಯಡಿ ನಾಲ್ಕಾರು ಸಣ್ಣ ಕಣ್ಣುಗಳಿರುತ್ತವೆ. ಅವು ನಮಗೆ ಕಾಣದ ಬೆಳಕನ್ನು ನೆಲಕ್ಕೆ ಬಿಟ್ಟು, ಅದು ತಿರುಗಿ ಬರುತ್ತದೋ ಇಲ್ಲವೋ ನೋಡುತ್ತವೆ. ಬಂದರೆ ನೆಲ ಇದೆ. ಬರದಿದ್ದರೆ ಮುಂದೆ ಗುಂಡಿ ಇದೆ, ಮೆಟ್ಟಿಲಿದೆ ಅಂತ ಲೆಕ್ಕ. ಮೆಟ್ಟಿಲಿನಿಂದ ಉರುಳಿ ಬೀಳದಿರಲಿ ಅಂತ ಮಾಡಿದ ಉಪಾಯ. ಆದರೆ ಕಪ್ಪು ನೆಲ ಬೆಳಕನ್ನು ನುಂಗಿಕೊಳ್ಳುತ್ತದೆ. ಪರದೇಶದಲ್ಲಿ ಕಪ್ಪು ರತ್ನಗಂಬಳಿ ಹಾಸಿಕೊಂಡವರೂ ಇದೇ ಗೋಳು ಹೇಳುತ್ತಾರೆ. ಗುಂಡ ಅಡಿಗೆಮನೆಯ ಬಾಗಿಲಿಗೆ ಬಂದು, ಕಡಪ ಕಲ್ಲಿನ ಅಂಚಿನಲ್ಲಿ ನಿಂತು, ಬಾವಿ ಕಂಡ ಕರುವಿನ ಹಾಗೆ ಹಿಂದಕ್ಕೆ ಓಡಿಹೋಗುತ್ತಾನೆ. ಮೊಬೈಲ್ ರಿಪೇರಿಯ ಹುಡುಗನೊಬ್ಬ, ‘ಆ ಕಣ್ಣಿಗೆ ಬಿಳೀ ಟೇಪು ಅಂಟಿಸ್ರೀ ಸಾರ್, ಒಳಗೆ ಹೋಗ್ತೈತೆ’ ಅಂದ. ಒಳಗೇನೋ ಹೋಗುತ್ತದೆ. ನಿಜವಾದ ಮೆಟ್ಟಿಲು ಬಂದಾಗ ಕೆಳಗೂ ಹೋಗುತ್ತದೆ. ಮೇಷ್ಟ್ರು ಬೇಡ ಅಂದರು.

ಮೂರನೆಯದು ಮಂಡಕ್ಕಿ. ದಾವಣಗೆರೆಯ ಮನೆಯಲ್ಲಿ ಸಂಜೆ ಮಂಡಕ್ಕಿ ಚೆಲ್ಲದೆ ಇರುತ್ತದೆಯೇ? ಗುಂಡನ ಪಕ್ಕದಲ್ಲಿ ಗಿರ್ರನೆ ತಿರುಗುವ ಸಣ್ಣ ಕುಂಚವಿದೆ, ಮೂಲೆಯ ಕಸ ಒಳಗೆ ತಳ್ಳಲಿಕ್ಕೆ. ಹಗುರವಾದ ಮಂಡಕ್ಕಿ ಅದಕ್ಕೆ ಸಿಕ್ಕರೆ ಅರ್ಧ ಹೊಟ್ಟೆಗೆ, ಅರ್ಧ ಸೋಫಾದ ಅಡಿಗೆ. ಖಾರ ಮಂಡಕ್ಕಿಯಾದರೆ ಎಣ್ಣೆಗೆ ಧೂಳು ಮೆತ್ತಿಕೊಂಡು ಕುಂಚ ಜಡೆ ಕಟ್ಟುತ್ತದೆ.

ಇನ್ನು ಹೊತ್ತಿನ ವಿಷಯ. ಗುಂಡನನ್ನು ಎಬ್ಬಿಸುವ ಗುಂಡಿ ಮಗನ ಮೊಬೈಲಿನಲ್ಲೂ ಇದೆ. ಮಗ ಇರುವುದು ನ್ಯೂಜೆರ್ಸಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಕಾಫಿ ಕುಡಿಯುತ್ತಾ ಅಪ್ಪ ಅಮ್ಮನ ಸೇವೆ ಮಾಡೋಣ ಅಂತ ಅವರು ಒತ್ತುತ್ತಾರೆ. ಬೇಸಿಗೆಯಲ್ಲಿ ಅವರ ಎಂಟೂವರೆ ಅಂದರೆ ನಮ್ಮ ಸಂಜೆ ಆರು. ಅಮ್ಮನವರು ದೀಪ ಹಚ್ಚಲು ಕಡ್ಡಿ ಗೀರುವ ಹೊತ್ತಿಗೆ ಸರಿಯಾಗಿ ಗುಂಡ ಗುರ್ ಅಂತ ಗುಡಿಸಲು ಹೊರಡುತ್ತಾನೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಅಂತ ಅಜ್ಜಿಯ ಕಾಲದಿಂದ ನಂಬಿ ಬಂದವರು ಅವರು. ಒಂದು ವಾರ ಅಪ್ಪ ಮಗನಿಗೆ ಫೋನಿನಲ್ಲಿ ಜಟಾಪಟಿ. ಈಗ ಬೆಳಿಗ್ಗೆ ಹತ್ತಕ್ಕೆ ಅಂತ ಗೊತ್ತು ಮಾಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಅದರ ಒಳ್ಳೇ ಗುಣವನ್ನೂ ಹೇಳಲೇಬೇಕು. ಮಂಚದ ಅಡಿಯ ಧೂಳು ನಿಜವಾಗಿಯೂ ಹೋಗಿದೆ. ಮಂಡಕ್ಕಿ ಭಟ್ಟಿಯ ಕಡೆಯಿಂದ ಗಾಳಿ ಬೀಸಿದ ದಿನ ಪಡಸಾಲೆಯಲ್ಲಿ ಕೂರುವ ಕಪ್ಪು ಮಸಿ ಮೊದಲಿನಷ್ಟು ಕಾಲಿಗೆ ಹತ್ತುವುದಿಲ್ಲ. ಅಮ್ಮನವರು ಬಗ್ಗುವುದು ತಪ್ಪಿದೆ. ಮಂಡಿನೋವಿನವರಿಗೆ ಅದು ಸಣ್ಣ ಮಾತಲ್ಲ.

ನಕ್ಷೆಯಲ್ಲಿಲ್ಲದ ಅಡಿಗೆಮನೆ

ಈಗ ಕಸ ಗುಡಿಸುತ್ತಿದ್ದ ಅಕ್ಕನ ವಿಷಯಕ್ಕೆ ಬರೋಣ. ಈ ಮನೆಗೆ ಒಂಬತ್ತು ವರ್ಷದಿಂದ ಬರುತ್ತಿದ್ದಾರೆ. ಪಾತ್ರೆ, ಕಸ, ನೆಲ ಸೇರಿ ತಿಂಗಳಿಗೆ 2,400 ರೂಪಾಯಿ. ಗುಂಡ ಬಂದ ಮರುತಿಂಗಳು, ‘ಕಸ, ನೆಲ ಬೇಡಮ್ಮ, ಪಾತ್ರೆ ಒಂದೇ ಮಾಡು’ ಅಂತ ಹೇಳಿ 1,500ಕ್ಕೆ ಇಳಿಸಿದರು. 900 ರೂಪಾಯಿ ಕಡಿತ. ಸಂಬಳದ ದಿನ ಅದು ದೊಡ್ಡ ಮೊತ್ತ.

ಆದರೆ ಅಡಿಗೆಮನೆಗೆ ಗುಂಡ ಹೋಗುವುದಿಲ್ಲ. ಮಹಡಿಯ ಮೆಟ್ಟಿಲು ಗುಡಿಸುವುದಿಲ್ಲ. ಅಂಗಳಕ್ಕೆ ನೀರು ಹಾಕುವುದಿಲ್ಲ. ದೇವರ ಕೋಣೆ ನಿಷಿದ್ಧ. ‘ಪಾತ್ರೆ ತೊಳೆದಾದ ಮೇಲೆ ಹಂಗೇ ಅಡಿಗೆಮನೆ ಒಂದು ಗುಡಿಸಿಬಿಡಮ್ಮ’ ಅಂತ ಶುರುವಾದದ್ದು ಮೆಟ್ಟಿಲು, ಅಂಗಳಕ್ಕೂ ಬಂತು. ಜೊತೆಗೆ ಹೊಸದೊಂದು ಕೆಲಸ. ಗುಂಡನ ಹೊಟ್ಟೆಯ ಡಬ್ಬಿ ಅರ್ಧ ಲೀಟರಿಗೂ ಕಡಿಮೆ, ದಿನಾ ಬಗ್ಗಿಸಬೇಕು. ಕುಂಚಕ್ಕೆ ಸುತ್ತಿಕೊಂಡ ತಲೆಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಅವನು ಹೊರಡುವ ಮೊದಲು ಚಾಪೆ ಸುತ್ತಿಡಬೇಕು, ಚಾರ್ಜರ್ ವೈರು ಎತ್ತಬೇಕು. ಅಕ್ಕ ನನ್ನ ಹತ್ತಿರ ಹೇಳಿದ್ದು ಹೀಗೆ: ‘ಪೇಪರ್ ಅಣ್ಣ, ಮೊದ್ಲು ನಾನು ಮನೆ ಒಂದು ಗುಡಿಸ್ತಿದ್ದೆ. ಈಗ ಮನೆ ಗುಡಿಸಿ, ಮನೆ ಗುಡಿಸೋನ್ನೂ ಗುಡಿಸ್ಬೇಕು. ದುಡ್ಡು ಮಾತ್ರ ಕಮ್ಮಿ ಆಗೈತೆ.’

ಮೇಷ್ಟ್ರು ಕೆಟ್ಟವರಲ್ಲ. ಕೆಲಸದವಳ ಸಂಬಳ ಈಗ ಕೊಡುವುದು ಮಗ. ಮಗ ನೋಡುವುದು ಮೊಬೈಲು. ಗುಂಡನ ತಲೆಯ ಮೇಲಿನ ಲೇಸರ್ ಕಣ್ಣು ಗಿರಗಿರನೆ ತಿರುಗಿ ಗೋಡೆಗಳ ದೂರ ಅಳೆದು ಮನೆಯ ನಕ್ಷೆ ಬರೆಯುತ್ತದೆ. ಕೆಲಸ ಮುಗಿದ ಕೂಡಲೇ ಮಗನಿಗೆ ಸಂದೇಶ ಹೋಗುತ್ತದೆ: ಇಂದು 41 ಚದರ ಮೀಟರ್ ಸ್ವಚ್ಛವಾಗಿದೆ, ಕೆಲಸ ಪೂರ್ಣಗೊಂಡಿದೆ. ‘ಪೂರ್ತಿ ಆಗಿದೆ ಅಂತ ತೋರಿಸ್ತಿದೆಯಲ್ಲಪ್ಪ’ ಅನ್ನುತ್ತಾರೆ ಮಗ. ಅವರದ್ದೂ ತಪ್ಪಲ್ಲ. ಗುಂಡ ಒಮ್ಮೆಯೂ ಕಾಲಿಡದ ಅಡಿಗೆಮನೆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಮೆಟ್ಟಿಲಿಲ್ಲ, ಅಂಗಳವಿಲ್ಲ, ಅಕ್ಕನಂತೂ ಇಲ್ಲ.

ಈ ನಕ್ಷೆ ಬರೀ ಮಗನಿಗೆ ಹೋಗುತ್ತದೆ ಅಂದುಕೊಂಡರೆ ಅದೂ ಪೂರಾ ಭರವಸೆಯ ಮಾತಲ್ಲ. ಲೇಸರ್ ಬದಲು, ಇಲ್ಲವೇ ಜೊತೆಗೆ, ಕ್ಯಾಮೆರಾ ಇರುವ ಯಂತ್ರಗಳೂ ಇವೆ. ಐರೋಬೋಟ್‌ನವರು ಪರೀಕ್ಷೆಗೆ ಕೊಟ್ಟಿದ್ದ ಯಂತ್ರಗಳು ತೆಗೆದ ಚಿತ್ರಗಳು, ಶೌಚಕ್ಕೆ ಕೂತ ಹೆಂಗಸಿನ ಚಿತ್ರ ಸಹಿತ, ವೆನೆಜುವೆಲಾದ ಬಿಡಿಗೆಲಸದವರ ಕೈ ಸೇರಿ ಹೊರಬಿದ್ದವು ಅಂತ 2022ರಲ್ಲಿ ಅಮೆರಿಕದ ಪತ್ರಿಕೆಯೊಂದು ಬಯಲು ಮಾಡಿತು. ಪರೀಕ್ಷೆಗೆ ಒಪ್ಪಿ ಸಹಿ ಹಾಕಿದವರ ಮನೆಯವು ಅಂತ ಕಂಪನಿ ಹೇಳಿತು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ಅನ್ನುವ ಚೀನಾ ಕಂಪನಿಯ ಯಂತ್ರಗಳೊಳಗೆ ಯಾರೋ ದೂರದಿಂದ ಹೊಕ್ಕು, ಅದರ ಸ್ಪೀಕರಿನಲ್ಲಿ ಮನೆಯವರಿಗೆ ಹೊಲಸು ಬೈಗುಳ ಬೈದರು. ಕಸ ಗುಡಿಸುವ ಆಳು ಮೈಮೇಲೆ ಬಂದವರ ಹಾಗೆ ಬೈಯತೊಡಗಿದರೆ ಮನೆಯವರ ಗತಿ ಏನಾಗಿರಬೇಕು?

ಅಂಗಡಿಯವರ ಮಾತನ್ನೂ ಕೇಳಿದೆ. ಅಶೋಕ ರಸ್ತೆಯ ಕಡೆ ಮಿಕ್ಸರ್, ಗ್ರೈಂಡರ್ ಮಾರುವವರೊಬ್ಬರು ಅಂದದ್ದು: ‘ಆನ್‌ಲೈನ್ನಾಗೆ ತಗೊಂಡು ಬರ್ತಾರ್ರೀ, ಕುಂಚ ಹೋದ್ರೆ ನಮ್ಮ ಹತ್ರ ಬರ್ತಾರೆ. ನಾವು ಎಲ್ಲಿಂದ ತರೋಣ?’ ಮಿಕ್ಸರಿನ ಜಾರಿಗೆ ಬ್ಲೇಡು ಯಾವ ಅಂಗಡಿಯಲ್ಲೂ ಸಿಗುತ್ತದೆ. ಇದರ ಕುಂಚ, ಫಿಲ್ಟರು, ಬ್ಯಾಟರಿ ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ. ಕಂಪನಿಯೇ ಇಲ್ಲದೆ ಹೋದರೆ? ಆ ಸರದಿಯೂ ಬಂತು. ಈ ಯಂತ್ರವನ್ನು ಮನೆಮಾತು ಮಾಡಿದ ಐರೋಬೋಟನ್ನು ಕೊಳ್ಳುತ್ತೇನೆ ಅಂತ 2022ರಲ್ಲಿ ಅಮೆಜಾನ್ ಹೇಳಿತು, 2024ರ ಜನವರಿಯಲ್ಲಿ ಕೈಬಿಟ್ಟಿತು. 2025ರ ಡಿಸೆಂಬರಿನಲ್ಲಿ ಐರೋಬೋಟ್ ದಿವಾಳಿ ಅರ್ಜಿ ಹಾಕಿ, ತನಗೆ ಯಂತ್ರ ತಯಾರಿಸಿ ಕೊಡುತ್ತಿದ್ದ ಚೀನಾದ ಕಂಪನಿಯ ಕೈಗೇ ಹೋಗಲು ಒಪ್ಪಿತು. ಕೊಳ್ಳುವವರು ಬೆಲೆ ಕೇಳುವ ಮೊದಲು ಎರಡು ಮಾತು ಕೇಳಲಿ: ಬಿಡಿಭಾಗ ಊರಲ್ಲಿ ಸಿಗುತ್ತದೆಯೇ, ಇಂಟರ್ನೆಟ್ ಇಲ್ಲದಿದ್ದರೂ ಮೈಮೇಲಿನ ಗುಂಡಿ ಒತ್ತಿದರೆ ಓಡುತ್ತದೆಯೇ. ಹೊಸ್ತಿಲನ್ನಂತೂ ಸ್ಕೇಲು ಹಿಡಿದು ಅಳೆದುಕೊಂಡೇ ಹೋಗಲಿ.

ಮನೆಗೆಲಸದವರಿಗೂ ಕನಿಷ್ಠ ವೇತನ ಅಂತ ನಮ್ಮ ರಾಜ್ಯ ಸರ್ಕಾರ ಗೊತ್ತುಪಡಿಸಿದ್ದು 2004ರಲ್ಲಿ, ದೇಶದಲ್ಲೇ ಮೊದಲು. ನಮ್ಮ ಬೀದಿಯಲ್ಲಿ ಹತ್ತು ಮನೆಯವರನ್ನು ಕೇಳಿ ನೋಡಿದೆ, ಗೊತ್ತಿದ್ದವರು ಒಬ್ಬರು. ಅಕ್ಕನಿಗೂ ಗೊತ್ತಿರಲಿಲ್ಲ. ‘ಹಂಗೊಂದು ಐತಾ?’ ಅಂದರು, ಪಾತ್ರೆ ತಿಕ್ಕುವುದು ನಿಲ್ಲಿಸದೆ.

ಹೋದ ಸೋಮವಾರ ಅಕ್ಕ ನೇರವಾಗಿ ಕೇಳಿಬಿಟ್ಟರು: ಹಳೇ ಸಂಬಳ ಕೊಡಿ, ಇಲ್ಲ ಅಂದರೆ ಬರೀ ಪಾತ್ರೆ ತೊಳೆದು ಹೋಗುತ್ತೇನೆ, ಗುಂಡನ ಕೂದಲು ನೀವೇ ಬಿಡಿಸಿಕೊಳ್ಳಿ. ಅಮ್ಮನವರು ಅಕ್ಕನ ಪರ. ಮೇಷ್ಟ್ರು ಗಣಿತ ಹೇಳಿಕೊಟ್ಟವರು. ಮಾತಾಡಲಿಲ್ಲ, ಟೇಪು ತಂದರು. ಅಡಿಗೆಮನೆ, ಬಚ್ಚಲ ದಾರಿ, ದೇವರ ಕೋಣೆ, ಅಂಗಳ ಎಲ್ಲ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದದ್ದು ನಾನು. ಒಟ್ಟು 38 ಚದರ ಮೀಟರ್, ಅದರ ಮೇಲೆ 17 ಮೆಟ್ಟಿಲು. ಒಂದು ಹಾಳೆಯಲ್ಲಿ ನಕ್ಷೆ ಬರೆದು, ಗುಂಡ ಹೋಗದ ಜಾಗಕ್ಕೆಲ್ಲ ಕೆಂಪು ಗೀಟು ಹಾಕಿ, ಫೋಟೋ ತೆಗೆದು ಮಗನ ವಾಟ್ಸಾಪಿಗೆ ಕಳಿಸಿದ್ದಾರೆ.

ಎರಡು ನೀಲಿ ಗೀಟು ಬಿದ್ದಿವೆ. ಉತ್ತರ ಬಂದಿಲ್ಲ. ಸಂಬಳದ ದಿನಕ್ಕೆ ಇನ್ನು ಆರು ದಿನ ಇದೆ.