ಕೇರೆ ನಾಗರದ ಜೋಡಿಯಲ್ಲ

ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿ, ನ್ಯಾಮತಿಯ ಭತ್ತದ ಗದ್ದೆಯಿರಲಿ, ಜಗಳೂರಿನ ಮೆಕ್ಕೆಜೋಳದ ಹೊಲವಿರಲಿ, ಎರಡು ಹಾವು ತಳುಕು ಹಾಕಿಕೊಂಡು ಎದೆಯೆತ್ತಿ ನಿಂತದ್ದು ಕಂಡರೆ ‘ನಾಗರ, ಕೇರೆ ಕೂಡ್ತಾ ಇವೆ’ ಎಂಬ ಮಾತು ಹುಟ್ಟುತ್ತದೆ. ಅಲ್ಲಿ ಕೂಡುವುದೂ ಇಲ್ಲ, ಬಹುಪಾಲು ನಾಗರವೂ ಇರುವುದಿಲ್ಲ. ಅವು ಎರಡು ಗಂಡು ಕೇರೆಗಳು. ಬೆದೆಯ ಕಾಲದಲ್ಲಿ ಸೆಣಸುತ್ತ, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ನೋಡುತ್ತಿರುತ್ತವೆ. ನಿಜಕ್ಕೂ ಕೂಡುವ ಹಾವುಗಳು ಹಾಗೆ ಎದ್ದು ನಿಲ್ಲುವುದಿಲ್ಲ. ಬಾಲದ ಬುಡ ಸೇರಿಸಿಕೊಂಡು ನೆಲದ ಮೇಲೆ ಒತ್ತಾಗಿ ಮಲಗಿರುತ್ತವೆ. ‘ಒಂದು ಹಳದಿ, ಇನ್ನೊಂದು ಕಪ್ಪು ಇತ್ತಲ್ಲ, ಎರಡೂ ಒಂದೇ ಜಾತಿ ಹೇಗಾದಾವು?’ ಎಂದು ಕಣ್ಣಾರೆ ಕಂಡವರು ಕೇಳುವುದು ನ್ಯಾಯವೇ. ಆದರೆ ಕೇರೆಯ ಮೈಬಣ್ಣ ತಿಳಿ ಹಳದಿಯಿಂದ ಕಂದು, ಕಪ್ಪಿನವರೆಗೂ ಬದಲಾಗುತ್ತದೆ. ನಾಗರದ ಕುಟುಂಬವೇ ಬೇರೆ, ಕೇರೆಯ ಕುಟುಂಬವೇ ಬೇರೆ. ಅವುಗಳ ನಡುವೆ ಸಂತಾನವಿಲ್ಲ.

ತನ್ನ ಜಾತಿಯ ಹೆಣ್ಣು ಯಾವುದು, ಎದುರಾಳಿ ಗಂಡು ಯಾವುದು ಎಂದು ಹಾವು ತಿಳಿಯುವುದು ಮುಖ್ಯವಾಗಿ ವಾಸನೆಯಿಂದ. ಸೀಳುನಾಲಿಗೆ ಹೊತ್ತು ತಂದ ರಾಸಾಯನಿಕವನ್ನು ಬಾಯಿಯ ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗದ ನರಕೋಶಗಳು ಗ್ರಹಿಸುತ್ತವೆ. ಯಾವ ನರಕೋಶ ಯಾವ ವಾಸನೆಗೆ ಸ್ಪಂದಿಸಬೇಕು ಎಂಬುದು ಅದರೊಳಗೆ ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬುದರ ಮೇಲೆ ನಿಂತಿದೆ. ಇದೇ ಅಂಗ ಇಲಿಗಳಿಗೂ ಇದೆ. ಅದರ ನರಕೋಶಗಳಿಗೆ ಬೇಕಾದ ಟಿಆರ್‌ಪಿಸಿ2 ಎಂಬ ಒಂದೇ ಜೀನನ್ನು ತೆಗೆದುಹಾಕಿದಾಗ ಏನಾಯಿತೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆ ಗಂಡಿಲಿಗಳ ಬೆದೆ ಅಡಗಲಿಲ್ಲ, ಹೆಣ್ಣಿನೊಡನೆ ಕೂಡಿದವು. ಆದರೆ ಗಂಡಿನ ಮೇಲೂ ಏರಲು ಹೋದವು, ಹೊಸ ಗಂಡು ಗೂಡಿಗೆ ಬಂದರೆ ಕಾದಾಡಲಿಲ್ಲ. ಒಲಿಸಬೇಕಾದವಳು ಯಾರು, ಹೊಡೆದಾಡಬೇಕಾದವನು ಯಾರು ಎಂಬ ಗುರುತೇ ಅಳಿಸಿತ್ತು. ತೋಟದಲ್ಲಿ ನಾವು ಕಾಣುವ ಸೆಣಸಾಟದ ಹಿಂದೆಯೂ ಇಂಥದೇ ಗುರುತು ಹಿಡಿಯುವ ಕೆಲಸವಿದೆ.

ಹಾಗಾದರೆ ಎಲ್ಲವೂ ಹುಟ್ಟಿನಲ್ಲೇ ಬರೆದಿಟ್ಟದ್ದು, ಕೂಡುವುದಕ್ಕೂ ಒಂದು ಜೀನ್ ಇದೆ ಎಂದುಬಿಡುವುದು ಇನ್ನೊಂದು ತಪ್ಪು, ಓದಿದವರಲ್ಲೇ ಹೆಚ್ಚು ಕಾಣುವ ತಪ್ಪು. ಅದಕ್ಕೆ ಆಧಾರವಾಗಿ ತೋರಿಸುವುದು ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣವನ್ನು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಸಾಕಿ ಅಭ್ಯಾಸ ಮಾಡುತ್ತಿರುವುದೂ ಇದನ್ನೇ. ಹೆಣ್ಣುಗಳ ಜೊತೆಗೆ ಗಂಡುಗಳನ್ನೂ ಓಲೈಸುವ ಗಂಡುನೊಣಗಳನ್ನು 1963ರಲ್ಲಿ ವಿಜ್ಞಾನಿ ಕುಲಬೀರ್ ಗಿಲ್ ವರದಿ ಮಾಡಿದರು; ಕೆಟ್ಟಿದ್ದ ಜೀನಿಗೆ ಫ್ರೂಟ್‌ಲೆಸ್ ಎಂಬ ಹೆಸರು ನಿಂತಿತು. 2005ರಲ್ಲಿ ಅದರ ಗಂಡುರೂಪವನ್ನು ಹೆಣ್ಣುನೊಣಗಳಲ್ಲಿ ಮೂಡಿಸಿದಾಗ ಅವು ಗಂಡಿನಂತೆ ಹೆಣ್ಣುಗಳ ಬೆನ್ನುಹತ್ತಿದವು. ಇಷ್ಟು ಬಲವಾದ ಸಾಕ್ಷಿಯನ್ನು ತಳ್ಳಿಹಾಕುವಂತಿಲ್ಲ. ಆದರೂ 2014ರಲ್ಲಿ ವಿಜ್ಞಾನಿಗಳಾದ ಪ್ಯಾನ್ ಮತ್ತು ಬೇಕರ್ ಪ್ರಕಟಿಸಿದ ಪ್ರಯೋಗವನ್ನು ಇದರ ಪಕ್ಕದಲ್ಲೇ ಇಟ್ಟು ಓದಬೇಕು. ಫ್ರೂಟ್‌ಲೆಸ್‌ನ ಗಂಡುರೂಪವಿಲ್ಲದ ಗಂಡುನೊಣಗಳು ಒಂಟಿಯಾಗಿ ಬೆಳೆದಾಗ ಹೆಣ್ಣನ್ನು ಓಲೈಸಲಿಲ್ಲ. ಅವನ್ನೇ ಗುಂಪಿನಲ್ಲಿ ಬೆಳೆಸಿದಾಗ ಓಲೈಸುವುದನ್ನು ಕಲಿತವು. ಆ ಕಲಿಕೆಗೂ ಡಬಲ್‌ಸೆಕ್ಸ್ ಎಂಬ ಮತ್ತೊಂದು ಜೀನ್ ಬೇಕಾಗಿತ್ತು.